ಹನ್ನೊಂದನೆಯ ಪೆಟ್ಟು

ಮೂವತ್ತೊಂದು ವರ್ಷ ಸೊಟ್ಟಗಿದ್ದ ಹಾಡನ್ನು ಕಂಪ್ಯೂಟರು ಒಂದೇ ಬೆಳಿಗ್ಗೆಯಲ್ಲಿ ನೆಟ್ಟಗೆ ಮಾಡಿಬಿಟ್ಟಿತ್ತು.

ಸ್ಟುಡಿಯೋದ ತಿರುಗುವ ಕುರ್ಚಿಯಲ್ಲಿ ಕೂತು ಅಕ್ಕ ಅದನ್ನು ಕೊನೆಯವರೆಗೂ ಕೇಳಿದಳು. ಆ ಹಾಡಿದ್ದ ಆಲ್ಬಮ್ಮಿನಲ್ಲಿ ಡ್ರಮ್ ಬಾರಿಸಿದವಳು ಅವಳೇ. ಗಿಟಾರು ಅವಳ ತಮ್ಮನದು. ಹಾಡು ನಿಂತ ಕೂಡಲೇ ತಮ್ಮ ಮುಖ ಅರಳಿಸಿಕೊಂಡು, "ಈಗ ಕೇಳೋ ಹಾಗಿದೆ ನೋಡಕ್ಕ," ಎಂದ.

"ಕೇಳೋ ಹಾಗೇನೋ ಇದೆ. ಬಾರಿಸ್ತಾ ಇರೋಳು ಯಾರು?"

"ಇನ್ಯಾರು, ನೀನೇ."

"ನಾನಲ್ಲಪ್ಪ. ನನಗೆ ಪರಿಚಯದವಳೂ ಅಲ್ಲ."

ಕಂಪ್ಯೂಟರಿನ ಮುಂದೆ ಆಡಿಯೋ ಕಂಪನಿಯ ಎಂಜಿನಿಯರಮ್ಮ ಕೂತಿದ್ದಳು. ಅವಳ ಪಕ್ಕದಲ್ಲಿ ಒಪ್ಪಂದದ ಕಾಗದ ಕಾಯುತ್ತಿತ್ತು. ಕಂಪನಿ ಹಳೆಯ ಆಲ್ಬಮ್ಮನ್ನು ಮತ್ತೆ ತರಲು ಹೊರಟಿತ್ತು, ಆದರೆ ಅದರ ಮಾಲೀಕನಿಗೆ ಬೇಕಾಗಿದ್ದದ್ದು ಈ ನೆಟ್ಟಗಿನದು. ಅಕ್ಕ ತಮ್ಮ ಇಬ್ಬರೂ ಸಹಿ ಹಾಕಬೇಕು. ಒಬ್ಬರು ಒಲ್ಲೆ ಎಂದರೂ ಯಾವುದೂ ಹೊರಗೆ ಬರುವಂತಿರಲಿಲ್ಲ.

ಆ ಆಲ್ಬಮ್ ಹುಟ್ಟಿದ್ದು ಬೈಂಡಿಂಗ್ ಶಾಪಿನಲ್ಲಿ. ಆಗ ಅಕ್ಕನಿಗೆ ಇಪ್ಪತ್ತಾರು. ಪುಸ್ತಕಗಳ ಬೆನ್ನಿಗೆ ಪಿನ್ನು ಹೊಡೆಯುವ ಯಂತ್ರಕ್ಕೆ ನಾಲ್ಕು ವರ್ಷದಿಂದ ಹಾಳೆ ಕೊಡುತ್ತಿದ್ದಳು. ರಜೆಯ ದಿನ ಶಾಪಿನ ಬೀಗ ತೆಗೆಸಿ, ಆ ಯಂತ್ರವನ್ನೇ ಓಡಲು ಬಿಟ್ಟು, ಅದರ ಸದ್ದಿಗೆ ಸರಿಯಾಗಿ ಡ್ರಮ್ ಬಾರಿಸಿದಳು. ಕರಡು ತಿದ್ದುವ ಮೇಡಂ ಹಾಡಿದರು. ಹಾಡೇನು ಬಂತು, ಪುಸ್ತಕಗಳ ಕೊನೆಗೆ ಅಂಟಿಸುವ ತಪ್ಪುಗಳ ಪಟ್ಟಿ: ಪುಟ ನಲವತ್ತು, ಸಾಲು ಮೂರು, 'ಸತ್ತನು' ಎಂದಿರುವಲ್ಲಿ 'ಸೋತನು' ಎಂದು ಓದಿಕೊಳ್ಳಿ. ಅದನ್ನೇ ಮೇಡಂ ಒಮ್ಮೆ ಪಿಸುಗುಟ್ಟಿ, ಒಮ್ಮೆ ಗಂಟಲು ಹರಿಯುವಂತೆ ಕೂಗಿ ಹೇಳಿದ್ದರು. ಅವರೀಗ ಇಲ್ಲ. ಹೋಗುವ ಮುಂಚೆ ಹಾಡಿನ ಮೇಲಿದ್ದ ಹಕ್ಕನ್ನು ಇವರಿಬ್ಬರಿಗೇ ಬರೆದುಕೊಟ್ಟಿದ್ದರು.

ಎಡವಟ್ಟಾದದ್ದು ಯಂತ್ರದಲ್ಲಿ. ಅದರ ಗಾಲಿಯ ಒಂದು ಹಲ್ಲು ಸವೆದಿತ್ತು. ಹತ್ತು ಪೆಟ್ಟು ಸರಿಯಾಗಿ ಬೀಳುತ್ತಿದ್ದವು, ಹನ್ನೊಂದನೆಯದು ಅರ್ಧ ಉಸಿರು ತಡವಾಗಿ. ಅಕ್ಕನಿಗೆ ಅದು ಗೊತ್ತೇ ಇರಲಿಲ್ಲ. ನಾಲ್ಕು ವರ್ಷ ಅದರ ಮುಂದೆ ದುಡಿದ ಕೈಗೆ ಅದೇ ನೇರ, ಅದೇ ನ್ಯಾಯ. ಆಲ್ಬಮ್ ಬಂದ ಮೇಲೆ ಸಂಗೀತ ಬಲ್ಲವರೊಬ್ಬರು ಹುಡುಕಿಕೊಂಡು ಬಂದು, "ಈ ಹನ್ನೊಂದರ ಲೆಕ್ಕ ಎಲ್ಲಿ ಕಲಿತಿರಿ ತಾಯಿ?" ಎಂದು ಕೇಳಿದಾಗ ಅವಳು, "ಯಾವ ಹನ್ನೊಂದು?" ಎಂದು ಕಣ್ಣು ಕಣ್ಣು ಬಿಟ್ಟಿದ್ದಳು.

ಕೇಳಿದವರಲ್ಲಿ ಅರ್ಧ ಜನ ಬೈದರು. ಉಳಿದರ್ಧ ಜನ ಬೈಯುತ್ತಲೇ ಮತ್ತೆ ಕೇಳಿದರು. ಅಂಗಡಿಗಳು ವಾಪಸು ಕಳಿಸಿದ ಕ್ಯಾಸೆಟ್ಟುಗಳು ಶಾಪಿನ ಅಟ್ಟದಲ್ಲಿ ಧೂಳು ತಿಂದವು. ಆದರೆ ಹೊರಗೆ ಉಳಿದ ಕೆಲವೇ ಪ್ರತಿಗಳಿಂದ ಪ್ರತಿ, ಆ ಪ್ರತಿಯಿಂದ ಪ್ರತಿ ಹುಟ್ಟುತ್ತಾ ಹೋಯಿತು. ಜಾಹೀರಾತಿಲ್ಲ, ರೇಡಿಯೋದವರು ಮೂಸಿಯೂ ನೋಡಲಿಲ್ಲ. ಆದರೂ ಸಾಯಲಿಲ್ಲ.

ತಮ್ಮನ ಸಂಕಟ ಬೇರೆ. ಅವನು ಮಕ್ಕಳಿಗೆ ಗಿಟಾರು ಹೇಳಿಕೊಟ್ಟು ಬದುಕುವವನು.

"ನಿನಗೇನಕ್ಕ, ಎಲ್ಲರೂ ಹೊಗಳೋದು ನಿನ್ನ ಡ್ರಮ್ಮನ್ನೇ. ಗಿಟಾರಿನವನು ಕುಂಟ್ತಾನೆ ಅಂತಾರೆ. ಮೊನ್ನೆ ಒಬ್ಬ ಹುಡುಗಿಯ ಅಪ್ಪ ಫೋನಲ್ಲಿ ಹಾಕಿ ತೋರಿಸ್ತಾನೆ, 'ಸರ್, ಇಲ್ಲಿ ನೀವು ತಾಳ ತಪ್ಪಿದೀರಲ್ವಾ?' ಅಂತ. ನಾನೇನು ಹೇಳ್ಲಿ?"

"ಹೌದು ತಪ್ಪಿದೀನಿ, ನಿಮ್ಮ ಮಗಳಿಗೂ ಕಲಿಸ್ತೀನಿ ಅನ್ನಬೇಕಿತ್ತು."

"ತಮಾಷೆ ಬೇಡ. ಅವತ್ತೇ ಹೇಳ್ದೆ ನಿನಗೆ, ಅಕ್ಕ, ಇದು ಎಡವುತ್ತೆ ಅಂತ. ನೀನೇನಂದೆ? 'ಯಾವುದೂ ಎಡವಲ್ಲ, ನೀನು ಸರಿಯಾಗಿ ನುಡಿಸು.' ಅಕ್ಕ ಹೇಳಿದ್ಲಲ್ಲ ಅಂತ ನುಡಿಸ್ದೆ. ಮೂವತ್ತು ವರ್ಷ ಉಗಿಸ್ಕೊಂಡೆ."

ಅದು ನಿಜವಾಗಿತ್ತು.

"ಹೆತ್ತವರಿಗೆ ಹೆಗ್ಗಣ ಮುದ್ದು," ತಮ್ಮ ಗೊಣಗಿದ. "ಸರಿ, ಮುದ್ದು ಮಾಡು. ಆದ್ರೆ ನಾನು ಸಹಿ ಹಾಕೋದು ನೆಟ್ಟಗಿನದಕ್ಕೇ."

"ನಾನು ಹಾಕಲ್ಲ."

"ಹಾಗಾದ್ರೆ ಅಟ್ಟದಲ್ಲೇ ಕೊಳೀಲಿ ಬಿಡು."

ಎಂಜಿನಿಯರಮ್ಮ ಆಗ ಕೆಮ್ಮಿದಳು. "ಸರ್, ಒಂದು ಮಾತು. ಇದನ್ನ ನೆಟ್ಟಗೆ ಮಾಡಿದ್ದು ನಾನೇ, ನಮ್ಮ ಸಾಹೇಬ್ರು ಹೇಳಿದ್ರು ಅಂತ. ಆದ್ರೆ ಈ ಹಾಡು ನನಗೆ ಹೊಸದಲ್ಲ. ನಮ್ಮ ಹಾಸ್ಟೆಲ್ಲಿನಲ್ಲಿ ಇದರ ಕ್ಯಾಸೆಟ್ಟಿತ್ತು. ಯಾರು ತಂದಿಟ್ಟಿದ್ರೋ, ನಾವು ಸೇರೋಕೂ ಮುಂಚಿನದು. ಮೆಟ್ಟಿಲಲ್ಲಿ ಆಡ್ತಿದ್ವಿ ನಾವು. ಹತ್ತು ಪೆಟ್ಟಿಗೆ ಹತ್ತು ಮೆಟ್ಟಿಲು. ಹನ್ನೊಂದನೇದು ಬೀಳೋವರೆಗೂ ಕಾಲೆತ್ತಿ ನಿಲ್ಲಬೇಕು. ಬೇಗ ಇಟ್ಟೋಳು ಔಟು."

"ಡ್ರಮ್ ಕೇಳ್ಕೊಂಡು," ತಮ್ಮ ಹುಳಿ ನಗೆ ನಕ್ಕ.

"ಡ್ರಮ್ ಎಲ್ಲಿರುತ್ತೆ ಸರ್ ಅಲ್ಲಿ? ಅದು ಇನ್ನೂ ಬಂದೇ ಇರಲ್ಲ. ನಾವು ಕೇಳ್ತಾ ಇದ್ದದ್ದು ನಿಮ್ಮನ್ನ."

ಅವಳು ಪರದೆಯ ಮೇಲೆ ಹಳೆಯ ಹಾಡನ್ನು ಹಿಗ್ಗಿಸಿ ತೋರಿಸಿದಳು. ಹತ್ತು ಎತ್ತರದ ಗೆರೆಗಳು, ಆಮೇಲೊಂದು ಖಾಲಿ ಜಾಗ. ಯಂತ್ರವಿಲ್ಲ, ಡ್ರಮ್ಮಿಲ್ಲ, ಮೇಡಂ ಕೂಡ ಉಸಿರು ಹಿಡಿದಿದ್ದಾರೆ. ಆ ಖಾಲಿಯಲ್ಲಿ ಒಂದು ತೆಳ್ಳನೆಯ ಗೆರೆ ನಡುಗುತ್ತಾ ಮುಂದಕ್ಕೆ ಹೋಗಿತ್ತು. ಗಿಟಾರಿನ ಒಂದೇ ಒಂದು ಸ್ವರ.

ಅವಳು ಅದನ್ನು ಕೇಳಿಸಿದಳು. ಮತ್ತೊಮ್ಮೆ ಕೇಳಿಸಿದಳು.

"ಎಡವೋದು ಬರುತ್ತೆ ಅಂತ ನಿಮಗೊಬ್ಬರಿಗೇ ಗೊತ್ತಿತ್ತು," ಎಂದಳು. "ಅದಕ್ಕೇ ಪ್ರತಿ ಸಲ ಮುಂಚೆಯೇ ಸ್ವರ ಹಿಡಿದಿಟ್ಟಿದೀರಿ. ಕುಂಟಿದ್ದು ನೀವಲ್ಲ ಸರ್. ಬೀಳದ ಹಾಗೆ ಹಿಡ್ಕೊಂಡಿದ್ದು ನೀವು."

"ನೆಟ್ಟಗಿನದ್ರಲ್ಲಿ ಈ ಸ್ವರ ಎಲ್ಲಿದೆ?" ತಮ್ಮ ಕೇಳಿದ.

"ಇಲ್ಲ. ಸಂದು ಮುಚ್ಚಬೇಕಂದ್ರೆ ಅದನ್ನ ಕತ್ತರಿಸಲೇಬೇಕು."

"ಎಲ್ಲಾ ಕಡೆನೂ?"

"ಇಡೀ ಆಲ್ಬಮ್ಮಿನಲ್ಲಿ ನಾನೂರ ಹದಿನಾಲ್ಕು ಕಡೆ."

ತಮ್ಮ ಎದ್ದು ಹೋಗಿ ಮೂಲೆಯಲ್ಲಿದ್ದ ಸ್ಟುಡಿಯೋದ ಗಿಟಾರು ತಂದ. ನೆಟ್ಟಗಿನದನ್ನು ಹಾಕಿಸಿ ಜೊತೆಗೆ ನುಡಿಸಿದ. ಹತ್ತರವರೆಗೂ ಸಲೀಸು. ಹನ್ನೊಂದಕ್ಕೆ ಅವನ ಬೆರಳು ತಂತಿ ಹಿಡಿಯುವಷ್ಟರಲ್ಲಿ ಡ್ರಮ್ ಬಂದು ತುಳಿದುಬಿಟ್ಟಿತು. ಇನ್ನೊಂದು ಸಲ ಪ್ರಯತ್ನಿಸಿದ. ಮೂರನೇ ಸಲಕ್ಕೆ ಕೈ ಬಿಟ್ಟ.

"ಏನಿದು, ಬಸ್ಸು ತಪ್ಪಿದವಳ ಹಾಗೆ ಓಡ್ತಾಳೆ ಈ ಡ್ರಮ್ಮಿನವಳು! ಹಳೇದು ಹಾಕಿ."

ಹಳೆಯದು ಶುರುವಾಯಿತು. ಯಂತ್ರ ಎಡವಿತು, ಅವನ ಸ್ವರ ಆ ಸಂದಿನಲ್ಲಿ ಒಂಟಿಯಾಗಿ ನಿಂತಿತು, ಅಕ್ಕನ ಪೆಟ್ಟು ಅದರ ಮೇಲೆ ಬಂದು ಕೂತಿತು. ಹಾಡು ಮುಗಿಯುವವರೆಗೂ ಅವನು ನಿಲ್ಲಿಸಲಿಲ್ಲ. ಐವತ್ತರ ಗಂಡಸು, ನರೆತ ಮೀಸೆ, ಬೆನ್ನು ಮಾತ್ರ ಸೆಟೆದು ನಿಂತಿತ್ತು.

"ಇದು ನನಗೂ ಗೊತ್ತಿರ್ಲಿಲ್ಲ ಕಣೋ," ಅಕ್ಕ ಹೇಳಿದಳು. "ಆ ಜಾಗದಲ್ಲಿ ಏನೋ ಹಿಡ್ಕೊಂಡ ಹಾಗಾಗ್ತಿತ್ತು. ಯಂತ್ರ ಅಂದ್ಕೊಂಡಿದ್ದೆ."

"ಮೂವತ್ತೊಂದು ವರ್ಷ ನನ್ನನ್ನ ಯಂತ್ರ ಅಂದ್ಕೊಂಡಿದ್ಯಾ?"

"ಒಳ್ಳೆ ಯಂತ್ರ ಅಂದ್ಕೊಂಡಿದ್ದೆ."

ಅವನು ನಗಲಿಲ್ಲ. ಒಪ್ಪಂದದ ಕಾಗದ ಎಳೆದುಕೊಂಡು, ನೆಟ್ಟಗಿನದರ ಸಾಲನ್ನು ಉದ್ದಕ್ಕೂ ಹೊಡೆದುಹಾಕಿ, 'ಮೊದಲು ಇದ್ದ ಹಾಗೆಯೇ' ಎಂದು ಬರೆದು ಸಹಿ ಹಾಕಿದ. ಅಕ್ಕನೂ ಹಾಕಿದಳು.

ಎಂಜಿನಿಯರಮ್ಮ ತಲೆ ಕೆರೆದುಕೊಂಡಳು. "ನಮ್ಮ ಸಾಹೇಬ್ರು ಕೂಗಾಡ್ತಾರೆ ಸರ್. ಯಾರು ಹೀಗೆ ಬಿಡು ಅಂದೋರು ಅಂತ ಕೇಳಿದ್ರೆ ಏನು ಹೇಳ್ಲಿ?"

"ಗಿಟಾರಿನವನು ಅನ್ನಿ," ಎಂದ ತಮ್ಮ. "ಯಾವ ಗಿಟಾರಿನವನು ಅಂದ್ರೆ, ಅದೇ, ತಾಳ ತಪ್ತಾನಲ್ಲ, ಅವನು ಅನ್ನಿ. ಬೇಕಾದ್ರೆ ನನ್ನ ನಂಬರೂ ಕೊಡಿ."