ಎಸಿಯ ಬಕೆಟ್ಟು

ಉಮಾಶ್ರೀ ಬಾಲ್ಕನಿಯ ಕಂಬಿಗಳ ಮೇಲಿಂದ ಬಗ್ಗಿ, ಆಚೆಯ ಸಜ್ಜಾದ ಮೇಲಿದ್ದ ಬಕೆಟ್ಟನ್ನು ಎತ್ತಿಕೊಂಡಳು. ತಳದ ಪಾಚಿಯನ್ನು ನಾರಿನಿಂದ ತಿಕ್ಕಿದಳು. ನೀರು ಬಸಿದು, ಸದ್ದಾಗದಂತೆ ಒಯ್ದು ಬಚ್ಚಲಲ್ಲಿಟ್ಟಳು. ನಾಲ್ಕು ಬೇಸಿಗೆ ಆ ಬಕೆಟ್ಟು ಎಸಿಯ ಪೈಪಿನ ಬಾಯಿಗೇ ಇತ್ತು. ಅದರಲ್ಲಿ ತುಂಬಿದ ನೀರಿನಿಂದಲೇ ಅವಳು ದಿನಾ ನೆಲ ಒರೆಸುತ್ತಿದ್ದಳು. ಈಗ ಎಸಿ ಕೆಟ್ಟಿದೆ. ಬಕೆಟ್ಟಿಗೆ ಅಲ್ಲೇನು ಕೆಲಸ?

ಕೆಟ್ಟಿದೆ ಎಂದವಳು ಮನೆಯೊಡತಿ ವನಜಾ. ಅದನ್ನು ಹೇಳಿದ್ದು ಅದೇ ಬೆಳಿಗ್ಗೆ, ಸೋಮವಾರ. ಆ ಕೊಂಡಾಪುರದ ಮನೆಯಲ್ಲೇ ಇದ್ದು ಕೆಲಸ ಮಾಡುವ ಉಮಾಶ್ರೀ ಮೊದಲ ಸಲ ಬಾಯಿಬಿಟ್ಟು ಏನನ್ನೋ ಕೇಳಿದ್ದಳು. ಅವಳ ಅವ್ವ ಸಾಬಮ್ಮ ಎರಡು ಗಲ್ಲಿ ಆಚೆ, ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಇಟ್ಟಿಗೆ ಹೊರುವವಳು. ಶನಿವಾರ ಬಿಸಿಲು ಬಡಿದು ಬಿದ್ದಿದ್ದಳು. ವಾರದ ಮಟ್ಟಿಗಾದರೂ ಮಧ್ಯಾಹ್ನ ತಂಪಿನಲ್ಲಿ ಮಲಗಿಸಿ, ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಸಾಬಮ್ಮನ ಜೋಪಡಿಗೆ ಮಾಡೂ ತಗಡಿನದೇ, ಗೋಡೆಯೂ ತಗಡಿನದೇ. ಮಳೆ ಇವತ್ತೋ ನಾಳೆಯೋ ಎನ್ನುವ ಆ ಜೂನ್ ತಿಂಗಳ ಕುದಿಯಲ್ಲಿ ಕೂಲರ್ ಇಟ್ಟರೂ ಮೈ ಅಂಟುತ್ತಿತ್ತೇ ಹೊರತು ಆರುತ್ತಿರಲಿಲ್ಲ.

"ಅಕ್ಕಾರ, ಮಧ್ಯಾಹ್ನ ಎರಡ ತಾಸು ಅವ್ವನ್ನ ಎಸಿ ಖೋಲ್ಯಾಗ ಕೂಡಿಸ್ಲೇನ್ರಿ? ಮೂಲ್ಯಾಗ ಕೂಡ್ತಾಳ. ಮಂಚ ಮುಟ್ಟೂದಿಲ್ಲ."

ವನಜಾ ಅವಳ ಕೈ ಹಿಡಿದುಕೊಂಡಿದ್ದಳು. "ಅಯ್ಯ ಹುಚ್ಚಿ, ಇದನ್ನೂ ಕೇಳಬೇಕೇನ? ನೀ ನಮ್ಮನಿ ಹುಡುಗಿ, ನಿಮ್ಮವ್ವ ಬ್ಯಾರೆ ಏನು? ಆದ್ರ ಎಸಿ ಗ್ಯಾಸ್ ಹೋಗೈತಿ ನೋಡು, ನಿನ್ನೆಯಿಂದ ಬರೇ ಬಿಸಿಗಾಳಿ ಉಗುಳಾಕತ್ತೈತಿ. ಮೆಕ್ಯಾನಿಕ್ ಬಂದು ಸರಿ ಮಾಡ್ಲಿ, ಅವತ್ತ ಕರಕೊಂಡು ಬಾ."

'ನಮ್ಮನಿ ಹುಡುಗಿ' ಎಂಬ ಮಾತನ್ನು ಉಮಾಶ್ರೀ ಸಂಜೆ ಜೋಪಡಿಗೆ ಒಯ್ದಳು. ಒದ್ದೆ ಬಟ್ಟೆ ತಲೆಗೆ ಸುತ್ತಿಕೊಂಡು ಮಲಗಿದ್ದ ಸಾಬಮ್ಮ ಕೇಳಿ ನಕ್ಕಳು. "ಪಾಪ, ಎಸಿಗೂ ನನ್ನಂಗ ಬಿಸಿಲು ಬಡೀತೇನ!"

ಮಂಗಳವಾರ ಮೆಕ್ಯಾನಿಕ್ ಬರಲಿಲ್ಲ. ಬುಧವಾರವೂ ಇಲ್ಲ. ಆ ದಿನ ಸಾಬಮ್ಮ ನಗಲಿಲ್ಲ. "ನಾಳೆ ಬರ್ತಾನೇನ?" ಎಂದಷ್ಟೇ ಕೇಳಿ ಗೋಡೆಯ ಕಡೆ ಹೊರಳಿದಳು.

ದಿನಾ ಮಧ್ಯಾಹ್ನ ಊಟವಾದ ಮೇಲೆ ವನಜಾ ತನ್ನ ಮಗಳು ಲಹರಿಯನ್ನು ಕರೆದುಕೊಂಡು ಅದೇ ಎಸಿ ಖೋಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ತಲೆನೋವು, ಬೆಳಕು ಆಗುವುದಿಲ್ಲ ಎನ್ನುತ್ತಿದ್ದಳು. ಉಮಾಶ್ರೀ ಮಾತು ಕಡಿಮೆಯ, ಎಲ್ಲವನ್ನೂ ನೋಡುವ ಹುಡುಗಿ. ಸಂಜೆ ಎದ್ದು ಬಂದ ಲಹರಿಯ ಹಣೆಯಲ್ಲಿ ಒಂದು ಹನಿ ಬೆವರಿಲ್ಲದ್ದನ್ನು ನೋಡಿದ್ದಳು. ಜಡೆ ಹಾಕುವಾಗ ಮಗುವಿನ ಕುತ್ತಿಗೆ ಮಣ್ಣಿನ ಗಡಿಗೆಯಂತೆ ತಣ್ಣಗಿತ್ತು. ಆದರೂ ಅಕ್ಕಾರೇ ಹೇಳಿದ ಮೇಲೆ ತನ್ನ ಕಣ್ಣು ಕೈಗಳನ್ನು ನಂಬಲು ಅವಳಿಗೆ ಮನಸ್ಸಾಗಲಿಲ್ಲ.

ಗುರುವಾರ ಮಧ್ಯಾಹ್ನ ಕೆಳಗಿನ ಮನೆಯ ಗುಂಡಮ್ಮನ ಗಂಟಲು ಅಂಗಳದಿಂದ ಮೇಲೆದ್ದಿತು.

"ಏ ವನಜಾಬಾಯಿ! ನಿನ್ನೆ ಸಂಡಿಗಿ ತೋಯಿಸಿದ್ರಿ, ಸುಮ್ಮನಿದ್ದೆ. ಇವತ್ತ ಹಪ್ಪಳಕ್ಕೂ ಜಳಕ ಮಾಡಸಾಕತ್ತೀರೇನು? ಎಸಿ ನೀರಿಗೆ ಇಡೂ ಬಕೆಟ್ ಎಲ್ಲಿ ಮಾರಕೊಂಡ್ರಿ?"

ಉಮಾಶ್ರೀ ಬಾಲ್ಕನಿಗೆ ಓಡಿದಳು. ಪೈಪಿನ ಬಾಯಲ್ಲಿ ಹನಿಯೊಂದು ದಪ್ಪಗಾಗಿ, ಸಜ್ಜಾದ ಮೇಲೆ ಬಿದ್ದು, ಅಂಚಿನಿಂದ ಕೆಳಕ್ಕೆ ಇಳಿಯಿತು. ಅದರ ಹಿಂದೆಯೇ ಇನ್ನೊಂದು. ಎಸಿಯ ಹೊರಗಿನ ದೊಡ್ಡ ಡಬ್ಬಿ ಇದ್ದದ್ದು ತಾರಸಿಯ ಮೇಲೆ, ಅದರ ಸದ್ದು ಇಲ್ಲಿಗೆ ಕೇಳುತ್ತಿರಲಿಲ್ಲ. ಅವಳು ಅಂಗೈ ಒಡ್ಡಿದಳು. ಕೊರೆಯುವಷ್ಟು ತಣ್ಣಗಿತ್ತು. ಕೆಟ್ಟ ಎಸಿ ನೀರು ಬಿಡುವುದಿಲ್ಲ. ಅದನ್ನು ಅವಳಿಗೆ ಯಾವ ಶಾಲೆಯೂ ಕಲಿಸಬೇಕಾಗಿರಲಿಲ್ಲ.

"ಇಡ್ತೀನ್ರೀ ಅಮ್ಮಾರ," ಎಂದಳು ಕೆಳಗೆ ನೋಡಿ. ಬಚ್ಚಲಿಂದ ಬಕೆಟ್ಟು ತಂದು ಪೈಪಿನ ಬಾಯಿಗಿಟ್ಟಳು.

ಆಮೇಲೆ ಖೋಲಿಯ ಬಾಗಿಲಿಗೆ ಬಂದಳು. ಒಳಗಿನ ತಂಪು ಸೋರದಂತೆ ಬಾಗಿಲ ಕೆಳಗಿನ ಸಂದಿಗೆ ಏನನ್ನೋ ತುರುಕಿದ್ದರು. ಅದರ ಒಂದು ಅಂಚು ಹೊರಗೆ ಚಾಚಿತ್ತು. ಉಮಾಶ್ರೀ ಬಗ್ಗಿ ನೋಡಿದಳು. ಲಹರಿ ಹೊದೆಯಲಿ ಎಂದು ಸಾಬಮ್ಮ ಒಂದು ಚಳಿಗಾಲವೆಲ್ಲ ಕೂತು ಹೊಲಿದುಕೊಟ್ಟ ಕೌದಿ. ಆ ಅಂಚಿನಲ್ಲಿದ್ದ ನೀಲಿ ತುಂಡು ಉಮಾಶ್ರೀಯ ಶಾಲೆಯ ಲಂಗದ್ದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟಾಗ ಅವ್ವ ಅದನ್ನು ಕತ್ತರಿಸಿ ಎತ್ತಿಟ್ಟಿದ್ದಳು. ಎಳೆದರೆ ಬರುತ್ತಿತ್ತು. ಅವಳು ಎಳೆಯಲಿಲ್ಲ.

ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಳು.

"ಅಕ್ಕಾರ, ಎಸಿ ಸರಿ ಆತೇನ್ರಿ?"

ಒಳಗೆ ಯಾರೋ ಮಂಚದ ಮೇಲೆ ಹೊರಳಿದರು. ಲಹರಿ ಏನೋ ಹೇಳಹೊರಟದ್ದು ಅರ್ಧಕ್ಕೇ ನಿಂತಿತು. ಟಿಂ ಎಂದು ರಿಮೋಟಿನ ಸದ್ದು. ಬಾಗಿಲ ಮರದೊಳಗಿಂದ ಬರುತ್ತಿದ್ದ ಸಣ್ಣ ಗುಂಯ್‌ಗುಡುವಿಕೆ ನಿಂತುಹೋಯಿತು.

ಉಮಾಶ್ರೀ ಕಾದಳು. ಬಾಲ್ಕನಿಯಲ್ಲಿ ಹನಿಗಳು ಇನ್ನೂ ಬಕೆಟ್ಟಿಗೆ ಬೀಳುತ್ತಿದ್ದವು, ಒಂದಕ್ಕಿಂತ ಒಂದು ತಡವಾಗಿ.

"ಅವ್ವನ್ನ ಕರಕೊಂಡು ಬರ್ತೀನ್ರಿ ಅಕ್ಕಾರ," ಎಂದಳು. "ಬಾಗಲ ತೆಗೀರಿ."