ಅಪ್ಪನ ಸಿಳ್ಳೆ

ಮತ್ತೆ ಅದೇ ಕೆಮ್ಮು, ಗಂಟಲು ಸರಿಮಾಡಿಕೊಳ್ಳುವ ಪುಟ್ಟ ಕೆಮ್ಮು, ಬೆನ್ನಿಗೇ ಸಿಳ್ಳೆ, ಮೇಲಕ್ಕೇರಿ ತುದಿಯಲ್ಲಿ ಒಂಚೂರು ನಡುಗಿ ಇಳಿಯುವ ಅಪ್ಪನ ಸಿಳ್ಳೆ — ಸತ್ತು ಇನ್ನೂ ವರ್ಷವಾಗಿಲ್ಲ, ತಮ್ಮನ ಅಂಗೈಯ ಸ್ಪೀಕರಿನೊಳಗೆ ಕೂತು ಹಕ್ಕಿ ಕರೆಯುತ್ತಿದ್ದಾನೆ, ಮಾನ ಮರ್ಯಾದೆ ಇದೆಯೇ ಈ ತಮ್ಮನಿಗೆ, ಹೆತ್ತ ಅಪ್ಪನನ್ನು ಹೀಗೆ ಗುಂಡಿ ಒತ್ತಿ ದುಡಿಸುತ್ತಾರೆಯೇ ಯಾರಾದರೂ, ಸಾಲಿನ ಮುಂದೆ ಅವನು, ದೊಡ್ಡ ಗೈಡು, ಕೊನೆಯಲ್ಲಿ ಅವಳು, ಹಕ್ಕಿ ನೋಡಲು ಬಂದವರು ಬಂಡೆಯಂಚಿಗೆ ಹೋಗದಂತೆ ಕುರಿ ಕಾಯುವ ಕೆಲಸ, ಟೋಪಿಯಮ್ಮ, ಆ ಕಡೆ ಬೇಡ, ಮಣ್ಣು ಸಡಿಲ ಇದೆ, ಅಯ್ಯೋ ನನಗೇನಾಗುತ್ತಮ್ಮ — ಏನಾಗುತ್ತೆ, ಜಾರಿದರೆ ಕೆಳಗೆ ಸಮುದ್ರ, ಅಷ್ಟೇ, ತುಟಿಯ ಮೇಲೆಲ್ಲ ಗಾಳಿ ತಂದ ಉಪ್ಪು, ಹಲ್ಲು ಕಚ್ಚಿಕೊಂಡು ಕಚ್ಚಿಕೊಂಡು ದವಡೆ ನೋಯುತ್ತಿದೆ. ಅಷ್ಟು ಹೊತ್ತು ಕಾಡಿನೊಳಗೆ ಮರಕುಟಿಗ ತೋರಿಸಿದಳು, ಒಬ್ಬರೂ ತಿರುಗಿ ನೋಡಲಿಲ್ಲ, ಎಲ್ಲರಿಗೂ ಈ ಸಿಳ್ಳೆಯ ಹಕ್ಕಿಯೇ ಬೇಕು, ಖಂಡಿತ ಕಾಣುತ್ತೆ ಅಂತ ತಮ್ಮ ಜಾಹೀರಾತು ಹಾಕಿದ್ದಾನಲ್ಲ. ಹೀಗೇ ಜನರನ್ನು ಕರೆತರುತ್ತಿದ್ದ ಅಪ್ಪ ಖಂಡಿತ ಅನ್ನುತ್ತಲೇ ಇರಲಿಲ್ಲ. ಬಂದರೆ ಬಂತು, ಬರದಿದ್ದರೆ ಗಾಳಿ ಕುಡಿದು ಮನೆಗೆ ಹೋಗಿ ಅನ್ನುತ್ತಿದ್ದ, ಬೆಳಿಗ್ಗೆಗೆ ಒಂದೇ ಸಿಳ್ಳೆ, ಮರಿ ಮಾಡುವ ತಿಂಗಳಲ್ಲಿ ಅದೂ ಇಲ್ಲ, ಮರಿ ಇರೋ ಮನೆ ಬಾಗಿಲು ಬಡೀಬಾರದು ಕಣೇ, ಒಲೆ ಮೇಲೆ ಹಾಲಿಟ್ಟಿರ್ತಾರೆ.

ಆ ಸಿಳ್ಳೆಯನ್ನು ತಮ್ಮನಿಗೆ ಕೊಟ್ಟವಳು ತಾನೇ, ಬೆಪ್ಪುತಕ್ಕಡಿ. ಆಸ್ಪತ್ರೆಯ ಮಂಚ, ಕಿಟಕಿಯಾಚೆ ಬರೀ ಕಾರು ನಿಲ್ಲಿಸುವ ಜಾಗ, ಅಪ್ಪಾ ಒಂದ್ಸಲ ಊದು, ಉಸಿರೇ ಇಲ್ಲ ಕಣೇ, ಆದರೂ ಊದಿದ, ರೆಕಾರ್ಡು ಮಾಡಲು ಅವಳು ಮೊಬೈಲನ್ನು ಅವನ ತುಟಿಗೆ ಹತ್ತಿರ ಹಿಡಿದಿದ್ದಳು, ನರ್ಸು ಬಾಗಿಲಿಗೆ ಬಂದು ಯಾರ್ರೀ ಇಲ್ಲಿ ಹಕ್ಕಿ ತಂದಿರೋದು ಅಂದಾಗ ಅಪ್ಪ ಮುಖವಿಡೀ ನಕ್ಕ. ಅವನು ಹೋದ ಮೇಲೆ ಅದನ್ನು ಹಾಕಿ ಕೇಳುವ ಧೈರ್ಯವೇ ಅವಳಿಗೆ ಬಂದಿಲ್ಲ, ತಮ್ಮ ಮಾತ್ರ ಅಡುಗೆಮನೆಯಲ್ಲಿ ನಿಂತು ಮೂಗೊರೆಸಿಕೊಳ್ಳುತ್ತ, ನನಗೂ ಕಳ್ಸಕ್ಕ, ಅಪ್ಪನ ದನಿ ಅಂತ ನನ್ನ ಹತ್ರ ಏನೂ ಇಲ್ಲ — ಕರಗಿಬಿಟ್ಟಳು, ಮೊಸಳೆ ಕಣ್ಣೀರು ಅಂತ ಗೊತ್ತಾಗಲಿಲ್ಲ, ಈಗ ಊರಿಗೆಲ್ಲ ಕೇಳಿಸುತ್ತಿದ್ದಾನೆ. ಸಾಕು ಮಾಡೋ, ಪೊದೆಯೊಳಗೆ ಗೂಡಿದೆ, ಮರಿ ಇದಾವೆ. ಸುಮ್ನಿರಕ್ಕ, ಜನರ ಎದುರಿಗೆ ಶುರು ಮಾಡ್ಬೇಡ, ಅಪ್ಪ ಇದ್ದಿದ್ರೆ ಖುಷಿಪಡ್ತಿದ್ದ. ಖುಷಿಯಂತೆ. ಕಪಾಳಕ್ಕೆ ಬಿಗಿಯುತ್ತಿದ್ದ.

ಬಂತು ಬಂತು ಎಂದು ಪಿಸುಗುಟ್ಟಿದರು, ಗಂಡು ಹಕ್ಕಿ, ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ನಂಬಿ ಬಂದಿದೆ ಪಾಪದ್ದು, ಮುಳ್ಳುಪೊದೆಯಿಂದಾಚೆ ಕಲ್ಲಿನ ಮೇಲೆ ಕೂತಿದೆ, ಕೊಕ್ಕಿನಲ್ಲಿ ಹಸಿರು ಹುಳು, ಮರಿಗೆಂದು ತಂದದ್ದು, ಇನ್ನೂ ಮಿಸುಕುತ್ತಿದೆ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ, ಬಾಯಿ ತುಂಬಿಕೊಂಡೇ ಜಗಳಕ್ಕೆ ನಿಂತಿದೆ. ಹುಳು ಸಮೇತ ಸಿಕ್ತು ಸಾರ್, ಕ್ಯಾಮೆರಾದ ಉದ್ದ ಲೆನ್ಸಿನವನ ದನಿ, ಇನ್ನೊಂದ್ಸಲ ಹಾಕಿ, ಈ ಕಡೆ ತಿರುಗ್ಲಿ — ಹಾಕಿದ, ತಿರುಗಿತು, ಹಸಿರು ಹುಳು, ಇನ್ನೊಂದ್ಸಲ — ಬಾಗಿದ ಮರದಿಂದ ಕಾಗೆ ಇಳಿದದ್ದನ್ನು ಯಾರೂ ನೋಡಲಿಲ್ಲ, ಅವಳು ನೋಡಿದಳು, ಕುಪ್ಪಳಿಸಿ ಕುಪ್ಪಳಿಸಿ ಪೊದೆಯೊಳಗಿನ ಗೂಡಿನ ಕಡೆಗೇ, ಲೆನ್ಸಿನವನನ್ನು ತಳ್ಳಿ ಟೋಪಿಯಮ್ಮನನ್ನು ದಾಟಿ ತಮ್ಮನ ಕೈಯಿಂದ ಕಿತ್ತುಕೊಂಡಳು, ಏಯ್ ಅಕ್ಕ ಏನಾಯ್ತು ನಿಂಗೆ, ನಿನ್ನ ಮನೆ ಹಾಳಾಗ ಕಣೋ, ಬೆಚ್ಚಗಿದೆ ಡಬ್ಬಿ, ಅವಳ ಅಂಗೈಯೊಳಗೆ ಗಂಟಲಿನ ಹಾಗೆ ಕಂಪಿಸುತ್ತಿದೆ, ಗುಂಡಿ ಹೆಬ್ಬೆರಳ ಕೆಳಗೇ ಇದೆ, ಒತ್ತಿದರೆ ಸಿಳ್ಳೆ ನಿಲ್ಲುತ್ತದೆ, ಒತ್ತು, ಹಕ್ಕಿ ಗೂಡಿಗೆ ಓಡುತ್ತದೆ, ಒತ್ತೇ — ಆಗಲೇ ಕೆಮ್ಮು, ಇಷ್ಟು ಹತ್ತಿರದಲ್ಲಿ, ಕೆಮ್ಮಿನ ಹಿಂದೆ ಅಪ್ಪ ಒಳಕ್ಕೆ ಎಳೆದುಕೊಳ್ಳುವ ಉಸಿರು, ದೂರದಿಂದ ಅದು ಕೇಳಿಸಿರಲೇ ಇಲ್ಲ, ಉಸಿರೇ ಇಲ್ಲ ಅಂದವನು ಎಲ್ಲಿಂದಲೋ ಹುಡುಕಿ ತಂದ ಉಸಿರು, ಅದರ ಮಧ್ಯೆ ಹೇಗೆ ಒತ್ತುವುದು, ಅಪ್ಪನ ಬಾಯಿಗೆ ಕೈ ಅಡ್ಡ ಇಡುವುದು ಹೇಗೆ, ಸಿಳ್ಳೆ ಏರುತ್ತಿದೆ, ಕಾಗೆ ಹೊಕ್ಕ ಪೊದೆ ಅಲ್ಲಾಡುತ್ತಿದೆ, ಹಕ್ಕಿ ಹಿಂದೆ ತಿರುಗಿ ನೋಡುತ್ತಿಲ್ಲ, ಅವಳ ಕೈಯನ್ನೇ ನೋಡುತ್ತಿದೆ, ಕೊಕ್ಕಿನಲ್ಲಿ ಹಸಿರು ಹುಳು, ಹೆಬ್ಬೆರಳು ಗುಂಡಿಯ ಮೇಲೆ, ಕೊಕ್ಕಿನಲ್ಲಿ ಹಸಿರು ಹುಳು