ಸೋಮವಾರದ ಕೆಸರು

ನನ್ನ ಎತ್ತರ ಐದಡಿ ಎರಡು ಇಂಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೋಟೆಲಿನ ಮಧ್ಯಾಹ್ನದ ಬಿಡುವಿನಲ್ಲಿ ನಾನೂ ಹಿತೇಶನೂ ಗಾಡಿ ಕೊಳ್ಳಲು ಹೋದಾಗ ಮುಂಬೈಯ ದಾದರಿನ ಶೋರೂಮಿನವನು ಅದನ್ನು ಎತ್ತಿ ಆಡದೆ ಬಿಡಲಿಲ್ಲ. ಡಾಂಬರು ರಸ್ತೆಗೂ ಆಗುವ, ಕಲ್ಲುಮಣ್ಣಿನ ದಾರಿಗೂ ಆಗುವ ಸಣ್ಣ ಎಂಜಿನ್ನಿನ ಬೈಕು ಅದು. ಮೈ ತೆಳ್ಳಗೆ, ಸೀಟು ಎತ್ತರ, ಮುಂದಿನ ಚಕ್ರ ಸೈಕಲ್ಲಿನದರ ಹಾಗೆ ದೊಡ್ಡದು. ನಾನು ಹತ್ತಿ ಕೂತರೆ ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಆ ಪುಣ್ಯಾತ್ಮ ಹಲ್ಲು ಕಿಸಿದು, "ಸರ್, ಸ್ಕೂಟಿ ದಿಖಾಊಂ ಕ್ಯಾ?" ಅಂದ. ನನಗೆ ಸ್ಕೂಟಿ ತೋರಿಸುತ್ತಾನಂತೆ! ಕೆನ್ನೆಗೆ ಎರಡು ಬಿಡೋಣ ಅನ್ನಿಸಿತು.

"ಅವನ ಮಾತು ಬಿಡು ಮಾರಾಯ," ಅಂದ ಹಿತೇಶ. "ಸೀಟಿನಲ್ಲಿ ಸ್ವಲ್ಪ ಜಾರಿ ಒಂದು ಕಾಲು ಊರಿದ್ರೆ ಆಯ್ತು. ಎರಡೂ ಕಾಲು ಊರ್ಲಿಕ್ಕೆ ಇದೆಂತ ಕುರ್ಚಿಯಾ?"

ಹಿತೇಶ ಆರಡಿಯ ಆಳು. ಮಾಟುಂಗದ ನಮ್ಮ ಹೋಟೆಲಿನಲ್ಲಿ ದೋಸೆ ಹೊಯ್ಯುವವರು ನಾವಿಬ್ಬರೇ. ಒಬ್ಬನಿಗೆ ರಜೆಯೆಂದರೆ ಇನ್ನೊಬ್ಬ ಕಲ್ಲಿನ ಮುಂದೆ ನಿಲ್ಲಲೇಬೇಕು. ಅವನ ರಜೆ ಸೋಮವಾರ, ನನ್ನದು ಗುರುವಾರ. ಆಗಲೇ ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದರೂ ಒಟ್ಟಿಗೆ ಒಂದು ಇಡೀ ದಿನ ಹೊರಗೆ ಹೋದವರಲ್ಲ. ಇಬ್ಬರಿಗೂ ಸೇರಿ ಒಂದೇ ಗಾಡಿ ಎಂಬ ಯೋಚನೆ ಬಂದದ್ದೇ ಇದರಿಂದ. ಒಂದು ಗಾಡಿಗೆ ಇಬ್ಬರು ಯಜಮಾನರಿದ್ದೂ ಜಗಳವಾಗದಂಥ ಏರ್ಪಾಡು ಬೇರೆಲ್ಲಿ ಸಿಗುತ್ತದೆ? ಮೋಟುಗಾಲಿನ ನನಗೆ ತಗ್ಗಿನ ಗಾಡಿಯೇ ಇಷ್ಟವಿತ್ತು. ಆದರೆ ಹಿತೇಶನ ಕಣ್ಣೆಲ್ಲ ಈ ಎತ್ತರದ ಗಾಡಿಯ ಮೇಲೆಯೇ ಇತ್ತು. ಅವನ ಮುಖ ನೋಡಿ ಒಪ್ಪಿಕೊಂಡೆ.

ಮೊದಲ ಸೋಮವಾರ ಅವನು ಟ್ಯಾಂಕಿನವರೆಗೂ ಕೆಂಪು ಕೆಸರು ಮೆತ್ತಿಸಿಕೊಂಡು ಬಂದ. ಬದ್ಲಾಪುರದ ಆಚೆ ಒಂದು ಗುಡ್ಡವಿದೆಯಂತೆ. ಎಮ್ಮೆ ಕಟ್ಟುವ ತಬೇಲಾ ದಾಟಿದ ಮೇಲೆ ಡಾಂಬರು ಮುಗಿದು, ಸ್ವಲ್ಪ ಮೇಲೆ ನೀರು ಹರಿಯುವ, ಕಲ್ಲು ತುಂಬಿದ ತೋಡು ಅಡ್ಡ ಬರುತ್ತದಂತೆ. "ನೀನು ಸಹ ಹೋಗು," ಅಂದ. "ಗಾಡಿ ತೊಳೆಯುವುದು ಬೇಡ. ನೋಡಿದ ಕೂಡಲೇ ಗೊತ್ತಾಗ್ಲಿ, ಎಲ್ಲಿಗೆ ಹೋಗಿದ್ದು ಅಂತ."

ಗುರುವಾರ ನಾನು ಹೊರಟೆ. ಸಿಗ್ನಲ್ ಸಿಗ್ನಲಿಗೂ ಫುಟ್‌ಪಾತಿನ ಅಂಚು ಹುಡುಕಿ ಕಾಲು ಊರುತ್ತಾ, ಹಿಂದಿನಿಂದ ಹಾರ್ನ್ ಹೊಡೆದವರನ್ನೆಲ್ಲ ಬಯ್ಯುತ್ತಾ ಊರು ದಾಟಿದೆ. ತೋಡಿನ ಎದುರು ಮಾತ್ರ ಗಾಡಿ ನಿಲ್ಲಿಸಿದೆ. ನೀರಿನ ನಡುವೆ ಗಾಡಿ ವಾಲಿದರೆ ನನ್ನ ಕಾಲು ಎಲ್ಲಿಗೂ ಎಟುಕುವುದಿಲ್ಲ. ಆಗ ನನಗೆ ನಾನೇ ಹೇಳಿಕೊಂಡೆ: ಹಿತೇಶ ಸೋಮವಾರ ಇಲ್ಲಿಂದಲೇ ದಾಟಿದ್ದಾನೆ, ಇದೇ ಗಾಡಿಯಲ್ಲಿ. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತುಬಿಟ್ಟೆ. ದಿನವಿಡೀ ದೋಸೆ ಕಲ್ಲಿನ ಮುಂದೆ ನಿಂತವನಿಗೆ ಮೊಣಕಾಲು ಸಡಿಲ ಬಿಟ್ಟು ನಿಲ್ಲುವುದನ್ನು ಯಾರೂ ಕಲಿಸಬೇಕಾಗಿಲ್ಲ. ನಿಂತ ಮೇಲೆ ಕಾಲು ನೆಲಕ್ಕೆ ಎಟುಕುವ ಪ್ರಶ್ನೆಯೇ ಇಲ್ಲ. ಗಾಡಿ ಕುಣಿಯುತ್ತಾ ದಾಟಿತು. ಆಚೆ ದಡದಲ್ಲಿ ನಾನು ಹುಚ್ಚನ ಹಾಗೆ ಕೂಗಿಕೊಂಡೆ.

ಆಮೇಲೆ ಎರಡು ಮಳೆಗಾಲ ಹೀಗೆಯೇ ಕಳೆಯಿತು. ಮಂಗಳವಾರ ಬೆಳಿಗ್ಗೆ ಗಾಡಿಯ ಕೆಸರು ನೋಡುತ್ತಿದ್ದೆ, ಗುರುವಾರ ಅದೇ ಧೈರ್ಯದಲ್ಲಿ ಹೋಗುತ್ತಿದ್ದೆ. ಮಳೆ ಜೋರಿದ್ದು ತೋಡು ತುಂಬಿದ ದಿನಗಳಲ್ಲೂ, ಅವನು ದಾಟಿದ್ದಾನಲ್ಲ, ನನಗೇನು ಧಾಡಿ ಅನ್ನುತ್ತಿದ್ದೆ. ರಾತ್ರಿ ಕೋಣೆಗೆ ಬಂದು ಕಂಡದ್ದನ್ನೆಲ್ಲ ಒಂದಕ್ಕೆರಡು ಮಾಡಿ ಹೇಳುತ್ತಿದ್ದೆ. ಹಿತೇಶ ಗೋಡೆಗೆ ಒರಗಿ ನಗುತ್ತಾ ಕೇಳುತ್ತಿದ್ದ.

ಈ ಸಲ ಅವನಿಗೆ ಮದುವೆ ಗೊತ್ತಾಯಿತು. ಹುಡುಗಿ ಯಕ್ಷಿತಾ, ವಿಲೆ ಪಾರ್ಲೆಯ ಕೊರಿಯರ್ ಆಫೀಸಿನಲ್ಲಿ ಕೆಲಸ, ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ನಿಶ್ಚಿತಾರ್ಥ ಮುಗಿಸಿ ಬಂದವನೇ ಹಿತೇಶ, "ಗಾಡಿ ಮಾರುವ," ಅಂದ. "ಯಕ್ಷಿತಾಳಿಗೆ ಆಗಿ ಬರುದಿಲ್ಲ. ಹಿಂದಿನ ಸೀಟು ಎತ್ತರ ಅಂತಾಳೆ."

ನನಗೆ ಮೈಯೆಲ್ಲ ಉರಿದುಹೋಯಿತು. ವಾರಕ್ಕೆ ಒಂದು ದಿನ, ಆ ಗುಡ್ಡದ ಮೇಲೆ ಮಾತ್ರ ನಾನು ಯಾರ ಮುಂದೆಯೂ ಕುಳ್ಳನಾಗಿರಲಿಲ್ಲ. ಅದನ್ನೂ ಕಿತ್ತುಕೊಳ್ಳಲು ಇವಳು ಯಾರು? ಮರುವಾರ ಅವಳು ಹೋಟೆಲಿಗೆ ಬಂದಾಗ ಮಸಾಲೆ ದೋಸೆಯ ತಟ್ಟೆಯನ್ನು ನಾನೇ ಒಯ್ದು ಕುಕ್ಕಿ, ಗಾಡಿ ಮಾರಿಸುವುದು ಯಾಕೆಂದು ಕೇಳಿಯೇ ಬಿಟ್ಟೆ.

ಅವಳು ಕಣ್ಣು ಕಣ್ಣು ಬಿಟ್ಟಳು. "ಮಾರು ಅಂತ ನಾನು ಯಾವಾಗ ಬೋಲಾ, ಸಂದೀಪಣ್ಣಾ? ನಂಗೆ ಆ ಬೈಕ್ ಬಹುತ್ ಇಷ್ಟ. ಗುಡ್ಡಕ್ಕೆ ಹೋಗುವಾ ಅಂತ ನಾನೇ ಎಷ್ಟು ಸಲ ಹೇಳಿದೆ! ಹಿತೇಶೇ ಟಾಲ್ತಾ ಹೈ, ಏನಾದ್ರೂ ನೆಪ ಹೇಳ್ತಾನೆ."

ಹಿತೇಶನನ್ನು ಹೇಗೆ ಕೇಳುವುದೆಂದು ತಿಳಿಯದೆ ಎರಡು ದಿನ ತಳ್ಳಿದೆ. ಅಷ್ಟರಲ್ಲಿ ಕಟ್ಟಡದ ನೀರಿನ ಪೈಪು ಒಡೆದು ಧಣಿಗಳು ಹೋಟೆಲಿಗೆ ಒಂದು ದಿನ ಬೀಗ ಹಾಕಿದರು. ಆರು ವರ್ಷದಲ್ಲಿ ಮೊದಲ ಸಲ ಇಬ್ಬರಿಗೂ ಒಂದೇ ದಿನ ರಜೆ. "ಮಾರುವ ಮೊದಲು ಒಮ್ಮೆ ಒಟ್ಟಿಗೆ ಹೋಗಿ ಬರುವ," ಎಂದೆ. ಹಿತೇಶ ಬೇಡ ಎನ್ನಲು ನೆಪ ಹುಡುಕಿದ. ಸಿಗಲಿಲ್ಲ.

ಅವನು ಓಡಿಸಿದ, ನಾನು ಹಿಂದೆ ಕೂತೆ. ತಬೇಲಾದ ಹತ್ತಿರ ಡಾಂಬರು ಮುಗಿಯುವಲ್ಲಿ ಗಾಡಿ ನಿಲ್ಲಿಸಿ ಇಳಿದುಬಿಟ್ಟ.

"ಇನ್ನು ನೀನು ಹೋಗಿ ಬಾ. ನಾನು ಇಲ್ಲೇ ಕೂತಿರ್ತೇನೆ."

"ಯಾಕೆ?"

ಅವನು ಎಮ್ಮೆಗಳ ಕಡೆ ನೋಡುತ್ತಾ ಹೇಳಿದ. "ಮೊದಲ ದಿನವೇ ತೋಡಿನಲ್ಲಿ ಬಿದ್ದೆ ಮಾರಾಯ. ಗಾಡಿ ಕಾಲಿನ ಮೇಲೆ, ಮುಖ ನೀರಿನಲ್ಲಿ. ಸತ್ತೇಹೋದೆ ಅಂತ ಮಾಡಿದ್ದೆ. ಆಮೇಲೆ ಇಲ್ಲಿಂದ ಮೇಲೆ ಹೋಗ್ಲೇ ಇಲ್ಲ."

"ಮತ್ತೆ ಆ ಕೆಸರು?"

"ತಬೇಲಾದ ಹಿಂದೆ ಹೊಂಡ ಉಂಟು. ಅದರಲ್ಲಿ ನಾಲ್ಕು ಸುತ್ತು ಹೊಡೆದು ಬರ್ತಿದ್ದೆ. ನೀನು ಬೇಡ ಬೇಡ ಅಂದ್ರೂ ಈ ಗಾಡಿ ತೆಗೆಸಿದ್ದು ನಾನು. ನೀನು ಅಷ್ಟು ಖುಷಿಯಲ್ಲಿ ಬಂದು ಹೇಳುವಾಗ, ನಂಗೆ ಹೆದರಿಕೆ ಅಂತ ಹ್ಯಾಗೆ ಹೇಳುದು? ಈಗ ಅವಳು ಬೇರೆ ಕರ್ಕೊಂಡು ಹೋಗು ಅಂತಾಳೆ. ಮಾರಿದ್ರೆ ಮುಗೀತು ಅಂತ..."

"ಎರಡು ವರ್ಷ ನನ್ನನ್ನು ಮಂಗ ಮಾಡಿದಿಯಲ್ಲ!" ಎಂದು ಕಿರುಚಿದೆ. ಇನ್ನೂ ಏನೇನೋ ಅಂದೆ. ನಾನು ಗಾಡಿ ಹತ್ತಿ ಸಿಟ್ಟಿನಲ್ಲಿ ಮೇಲಕ್ಕೆ ಬಿಟ್ಟೆ.

ತೋಡಿನವರೆಗೆ ಸಿಟ್ಟು ಒಯ್ದಿತು. ಅಲ್ಲಿ ಎಂದಿನಂತೆ, ಹಿತೇಶ ದಾಟಿದ್ದಾನಲ್ಲ, ಎಂದುಕೊಳ್ಳಲು ಹೋಗಿ ತಡೆದೆ. ಅವನು ದಾಟಿರಲಿಲ್ಲ. ನೀರು ತುಂಬಿದ ದಿನವೂ ದಾಟಿರಲಿಲ್ಲ. ಈ ಕಲ್ಲುಗಳ ಮೇಲೆ ನಮ್ಮ ಗಾಡಿಯನ್ನು ಮೊದಲು ದಾಟಿಸಿದವನು ನಾನೇ, ಕೊನೆಗೆ ದಾಟಿಸಿದವನೂ ನಾನೇ. ಈ ಯೋಚನೆ ಬಂದದ್ದೇ ತಡ, ಬ್ರೇಕು ಹಿಡಿದೆ. ಹಿಂದಿರುಗಿ ಹೋಗೋಣವೇ ಅಂದುಕೊಂಡೆ. ಎಂಜಿನ್ ಆರಿಸಿ ಬಹಳ ಹೊತ್ತು ನೀರು ನೋಡುತ್ತಾ ಕೂತೆ. ಕೊನೆಗೆ, ಇಷ್ಟು ದಿನ ದಾಟಿದವನು ಯಾರು ಹಾಗಾದರೆ, ಎಂದು ನನ್ನನ್ನೇ ಗದರಿಸಿಕೊಂಡು, ಎಂಜಿನ್ ಶುರು ಮಾಡಿ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತೆ.

ಈ ಸಲ ಆಚೆ ದಡದಲ್ಲಿ ಕೂಗಲಿಲ್ಲ. ಕಣ್ಣಲ್ಲಿ ನೀರು ಬಂತು. ಕೆಳಗೆ ನೋಡಿದರೆ ಹಿತೇಶ ನಡೆದುಕೊಂಡೇ ಹತ್ತಿ ಬರುತ್ತಿದ್ದ. ಚಪ್ಪಲಿ ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿ, ತೋಡು ದಾಟಿ ಬಂದು, ನಾನು ಕೂತಿದ್ದ ಕಲ್ಲಿನ ಮೇಲೆ ನನ್ನ ಪಕ್ಕ ಕೂತ.

"ಸಿಟ್ಟು ಇಳಿಯಿತಾ?" ಅಂದ.

"ಇಲ್ಲ," ಎಂದೆ. ಕೀಲಿಯನ್ನು ಅವನ ಕೈಯಲ್ಲಿಟ್ಟೆ. "ಇಲ್ಲಿಂದ ಮೇಲೆ ನೀನು ಓಡಿಸು. ಕೂತುಕೊಳ್ಳಬೇಡ, ನಿಲ್ಲು."

"ನನ್ನಿಂದ ಆಗುದಿಲ್ಲ ಸಂದೀಪ."

"ಆಗ್ತದೆ. ನಾನು ಮುಂದೆ ನಡೀತೇನೆ. ನಾನು ಕಾಲಿಟ್ಟಲ್ಲಿ ಚಕ್ರ ಬಿಡು, ಸಾಕು."

ನಾನು ನಡೆಯತೊಡಗಿದೆ. ಹತ್ತಿಪ್ಪತ್ತು ಹೆಜ್ಜೆ ಇಟ್ಟೆ. ಆಗ ಹಿಂದೆ ಎಂಜಿನ್ ಶುರುವಾಯಿತು. ತಿರುಗಿ ನೋಡಬೇಕೆಂದು ಬಹಳ ಆಸೆಯಾಯಿತು. ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂದು ಹೆದರಿ, ಮುಂದೆ ನೋಡುತ್ತಲೇ ಹತ್ತಿದೆ.